ಸತ್ತ ದನಕ್ಕೆ ಸರಕಾರದ ಲೆಕ್ಕ

2020ರ ಸೆಪ್ಟೆಂಬರ್ 20ರಂದು ಉಡುಪಿ ಪೇಟೆಯಲ್ಲೇ ದೋಣಿ ಓಡಿತು. ಸ್ವರ್ಣಾ, ಸೀತಾ ನದಿಗಳು ಉಕ್ಕಿ ಗದ್ದೆಬಯಲುಗಳು ಮುಳುಗಿದವು. ಇಂಥ ನೆರೆಯಲ್ಲಿ ಮನುಷ್ಯರು ಮಾಳಿಗೆ ಹತ್ತಿಯಾದರೂ ಜೀವ ಉಳಿಸಿಕೊಂಡಾರು. ಹಟ್ಟಿಯಲ್ಲಿ ಕಟ್ಟಿದ ದನದ ಹಗ್ಗವನ್ನು ಯಾರಾದರೂ ಬಿಚ್ಚಬೇಕು. ಬಿಚ್ಚಲಾಗದೆ ದನ ಸತ್ತ ಮನೆಗೆ, ನೀರಿಳಿದ ಮೇಲೆ ಸರಕಾರ ಕೊಡುವ ಹಣದ ಹೆಸರು ‘ಪರಿಹಾರ’. ಗೊಂದಲ ಶುರುವಾಗುವುದೇ ಈ ಪದದಿಂದ.

ಕಳೆದುಕೊಂಡದ್ದರ ಬೆಲೆ ತುಂಬಿಕೊಡುವುದೂ ಪರಿಹಾರ, ಕಷ್ಟಕಾಲಕ್ಕೆ ತುಸು ಆಸರೆಯಾಗುವುದೂ ಪರಿಹಾರ. ರೈತ ನಿರೀಕ್ಷಿಸುವುದು ಮೊದಲನೆಯದನ್ನು, ಸರಕಾರದ ನಿಯಮದಲ್ಲಿರುವುದು ಎರಡನೆಯದು.

ಹಣ ಬರುವುದು ರಾಜ್ಯ ವಿಪತ್ತು ಪರಿಹಾರ ನಿಧಿಯಿಂದ. ಕರ್ನಾಟಕದಲ್ಲಿ ಅದಕ್ಕೆ ಕೇಂದ್ರದ ಪಾಲು ನೂರಕ್ಕೆ 75, ರಾಜ್ಯದ್ದು 25. ದರ ಗೊತ್ತುಮಾಡುವುದು ಕೇಂದ್ರ ಗೃಹ ಸಚಿವಾಲಯ. 2020ರ ನೆರೆಯ ಹೊತ್ತಿಗೆ ಹಾಲು ಕೊಡುವ ದನ, ಎಮ್ಮೆಗೆ 30,000 ರೂ. ಇತ್ತು. 2022-23ರಿಂದ 2025-26ರ ಅವಧಿಗೆ ಅದು 37,500 ರೂ. ಆಯಿತು. ಎತ್ತಿಗೆ 32,000, ಕರುವಿಗೆ 20,000, ಆಡಿಗೆ 4,000, ಕೋಳಿಗೆ 100 ರೂ. ಒಂದು ಮನೆಯಲ್ಲಿ ಐದು ಹಾಲಿನ ದನ ಸತ್ತರೂ ಹಣ ಮೂರಕ್ಕೆ ಮಾತ್ರ. ಅದೂ ಆದಾಯ ತರುತ್ತಿದ್ದ ಪ್ರಾಣಿಯಾಗಿರಬೇಕು.

ಈ ದರಪಟ್ಟಿ ಬರೆದವರು ಕರಾವಳಿಯ ಹಟ್ಟಿಯನ್ನು ನೋಡಿ ಬರೆದಂತಿಲ್ಲ. ಒಂದೆರಡು ಲೀಟರ್ ಹಾಲಿನ ಮಲೆನಾಡು ಗಿಡ್ಡಕ್ಕೂ ಹತ್ತಾರು ಲೀಟರಿನ ಮಿಶ್ರತಳಿ ದನಕ್ಕೂ ಒಂದೇ ಮೊತ್ತ. ಕಾರ್ಕಳದ ಮಿಯಾರು ಕಂಬಳದಲ್ಲಿ ಓಡುವ ಕೋಣಗಳಿಗೆ ಲಕ್ಷಗಟ್ಟಲೆ ಬೆಲೆಯಿದೆ; ಪಟ್ಟಿಯಲ್ಲಿ ಅವಕ್ಕೆ ಬೇರೆ ಸಾಲಿಲ್ಲ. ಹಾಲು ಬತ್ತಿದ ಮುದಿ ದನವಂತೂ ಲೆಕ್ಕಕ್ಕೆ ಬರುವುದೇ ಕಷ್ಟ.

ಹಿಂದೆ ಇಷ್ಟೂ ಇರಲಿಲ್ಲ ಎಂಬುದೂ ನಿಜ. ಈ ಸೀಮೆ ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ ದನ ಕೊಳ್ಳಲು ಸಿಗುತ್ತಿದ್ದದ್ದು 1884ರ ಕೃಷಿಕರ ಸಾಲ ಕಾಯ್ದೆಯ ತಕಾವಿ. ಹೆಸರೇ ಹೇಳುವಂತೆ ಅದು ಸಾಲ. ತೀರಿಸದಿದ್ದರೆ ಭೂಕಂದಾಯದ ಬಾಕಿಯಂತೆಯೇ ವಸೂಲಿ. ರಾಜ್ಯಗಳಿಗೆ ವಿಪತ್ತಿಗೆಂದೇ ನಿಧಿ ತೆಗೆದಿಡುವ ಕ್ರಮ ಬಂದದ್ದು ಒಂಬತ್ತನೇ ಹಣಕಾಸು ಆಯೋಗದ ಶಿಫಾರಸಿನ ಮೇಲೆ, 1990ರಲ್ಲಿ.

ಇಂದು ದನ ಸತ್ತದ್ದು ಹೇಗೆ ಎಂಬುದರ ಮೇಲೆ ರೈತ ಯಾರ ಬಾಗಿಲು ತಟ್ಟಬೇಕೆಂಬುದು ನಿಂತಿದೆ. ನೆರೆಯಾದರೆ ಕಂದಾಯ ಇಲಾಖೆ. ಚಿರತೆ ಹಿಡಿದರೆ ಅರಣ್ಯ ಇಲಾಖೆ. ಗಾಳಿಗೆ ಹರಿದ ವಿದ್ಯುತ್ ತಂತಿ ತಗಲಿದರೆ ಮೆಸ್ಕಾಂ. ಮಳೆಗಾಲದ ಹಿಂದುಮುಂದಿನ ಸಿಡಿಲು ಇಲ್ಲಿಯವರಿಗೆ ಹೊಸತಲ್ಲ, ಆದರೆ ಕೇಂದ್ರದ 12 ವಿಪತ್ತುಗಳ ಪಟ್ಟಿಯಲ್ಲಿ ಅದರ ಹೆಸರಿರಲಿಲ್ಲ. ಇಂಥದ್ದನ್ನು ರಾಜ್ಯವೇ ವಿಪತ್ತೆಂದು ಘೋಷಿಸಿ, ನಿಧಿಯ ನೂರಕ್ಕೆ 10ರಷ್ಟರೊಳಗೆ ಖರ್ಚುಮಾಡಬೇಕು. 2022ರಲ್ಲಿ ಚರ್ಮಗಂಟು ರೋಗ ಬಂದಾಗ ರಾಜ್ಯ ಸರಕಾರ ಹಸುವಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂ. ಘೋಷಿಸಿತು. ನೆರೆಯ ಪಟ್ಟಿಯಲ್ಲಿ ಹಸುವಿಗೆ ಹೆಚ್ಚು, ರೋಗದ ಪಟ್ಟಿಯಲ್ಲಿ ಎತ್ತಿಗೆ ಹೆಚ್ಚು!

ಯಾವ ಬಾಗಿಲಾದರೂ ಮೊದಲ ಪ್ರಶ್ನೆ ಪುರಾವೆಯದು. ಪಶುವೈದ್ಯರು ಬಂದು ಮರಣೋತ್ತರ ಪರೀಕ್ಷೆ ಮಾಡಬೇಕು, ಮಹಜರು ಆಗಬೇಕು. ಜಡಿಮಳೆಯಲ್ಲಿ ಕಳೇಬರವನ್ನು ಹೆಚ್ಚು ಹೊತ್ತು ಇಡಲಾಗದು; ವಾಸನೆಗೆ ಹೆದರಿ ಹೂತವರು ಕಡತ ನಡೆಯುವಾಗ ಒದ್ದಾಡುತ್ತಾರೆ. ಹೊಳೆ ಕೊಚ್ಚಿಕೊಂಡು ಹೋದ ದನದ್ದು ಇನ್ನೂ ಕಷ್ಟ. ಆಗ ಉಳಿಯುವುದು ಕಿವಿಗೆ ಹಾಕಿದ ಬಿಲ್ಲೆಯ 12 ಅಂಕಿಯ ಸಂಖ್ಯೆ, ನೆರೆಮನೆಯವರ ಹೇಳಿಕೆ ಮತ್ತು ಹಾಲಿನ ಸೊಸೈಟಿಯ ಪುಸ್ತಕ. 1974ರಲ್ಲಿ ಮಣಿಪಾಲದಲ್ಲಿ ಟಿ.ಎ. ಪೈ ಅವರ ಮುಂದಾಳ್ತನದಲ್ಲಿ ಕೆನರಾ ಮಿಲ್ಕ್ ಯೂನಿಯನ್ ಆರಂಭವಾದಂದಿನಿಂದ ಇಲ್ಲಿಯ ಹಳ್ಳಿಗಳಲ್ಲಿ ಬೆಳೆದುಬಂದ ಸೊಸೈಟಿಗಳು ಯಾವ ಮನೆಯಿಂದ ದಿನಕ್ಕೆ ಎಷ್ಟು ಹಾಲು ಬಂತೆಂದು ಬರೆದಿಡುತ್ತವೆ. ಸತ್ತ ದನ ನಿನ್ನೆಯವರೆಗೆ ಕರೆಯುತ್ತಿತ್ತು ಎಂಬುದಕ್ಕೆ ಆ ಪುಸ್ತಕ ಸಾಕ್ಷಿಯಾದೀತು.