ನಿಮಗಿದು ಗೊತ್ತೇ? ಹರಳು ಅಗೆದವರಿಗೆ ದಕ್ಕಿದ್ದೆಷ್ಟು?

ಯಾವ ಹರಳು ಯಾವ ಬೆರಳಿಗೆ ಎಂದು ಹೇಳುವವರು ಊರಿಗೆ ಹತ್ತು ಜನ ಸಿಗುತ್ತಾರೆ. ಆ ಹರಳನ್ನು ನೆಲದಿಂದ ಎತ್ತಿದವರು ಯಾರು, ಅವರ ಪಾಲಿಗೆ ಬಂದದ್ದೇನು ಎಂದು ಹೇಳುವವರು ಅಪರೂಪ. ಮಾಣಿಕ್ಯ, ಪಚ್ಚೆ, ವಜ್ರ, ಅಗೇಟ್‌ಗಳ ಹಿಂದಿರುವ ಒಂದಿಷ್ಟು ಸಂಗತಿಗಳು ಇಲ್ಲಿವೆ. ಕಲ್ಲಿನ ಬೆಲೆ ಬಣ್ಣ, ತೂಕದ ಮೇಲೆ ನಿಂತಿದ್ದರೆ, ಅಗೆದವರ ಪಾಲು ನಿಂತಿರುವುದು ಅವರ ಕೈಯಲ್ಲಿ ಕಾಗದ ಇದೆಯೇ ಇಲ್ಲವೇ ಎಂಬುದರ ಮೇಲೆ.

● ಜಗತ್ತಿನ ಬಣ್ಣದ ಹರಳುಗಳಲ್ಲಿ ಶೇ 80ರಷ್ಟನ್ನು ಹೊರತೆಗೆಯುವವರು ದೊಡ್ಡ ಕಂಪನಿಗಳಲ್ಲ, ಹಾರೆ, ಗುದ್ದಲಿ, ಜರಡಿ ಹಿಡಿದ ಸಣ್ಣ ಗಣಿಗಾರರು. ಈ ವ್ಯಾಪಾರದಲ್ಲಿ ಬಹುಕಾಲದಿಂದ ಚಾಲ್ತಿಯಲ್ಲಿರುವ ಅಂದಾಜು ಇದು. ಚಿನ್ನ, ಮರಳು ಎಲ್ಲ ಸೇರಿಸಿದರೆ ಇಂಥ ಕಿರು ಗಣಿಗಾರಿಕೆಯಲ್ಲಿ ದುಡಿಯುವವರು ಸುಮಾರು 80 ದೇಶಗಳಲ್ಲಿ 4 ಕೋಟಿಗೂ ಹೆಚ್ಚು ಎನ್ನುತ್ತದೆ ವಿಶ್ವಬ್ಯಾಂಕ್. ಅವರಲ್ಲಿ ಹತ್ತಿರಹತ್ತಿರ ಮೂರನೇ ಒಂದು ಪಾಲು ಹೆಂಗಸರು.

● 'ರಕ್ತ ವಜ್ರ' ತಡೆಯಲೆಂದು 2003ರಲ್ಲಿ ಜಾರಿಗೆ ಬಂದ ಕಿಂಬರ್ಲಿ ಪ್ರಕ್ರಿಯೆ ಕಚ್ಚಾ ವಜ್ರಕ್ಕೆ ಮಾತ್ರ ಅನ್ವಯ. ಮಾಣಿಕ್ಯ, ನೀಲ, ಪಚ್ಚೆಗಳಿಗೆ ಅಂಥ ಅಂತರರಾಷ್ಟ್ರೀಯ ಪ್ರಮಾಣಪತ್ರವೇ ಇಲ್ಲ.

● ಕಿಂಬರ್ಲಿ ಪ್ರಕ್ರಿಯೆಯಲ್ಲೂ ಒಂದು ತೂತು. ಸರ್ಕಾರದ ವಿರುದ್ಧ ಬಂಡೆದ್ದವರು ಯುದ್ಧದ ಖರ್ಚಿಗೆ ಮಾರಿದರೆ ಮಾತ್ರ ಅದು 'ಸಂಘರ್ಷದ ವಜ್ರ'. ಸರ್ಕಾರದ ಸೈನಿಕರೇ ಅಗೆಯುವವರ ಮೇಲೆ ಗುಂಡು ಹಾರಿಸಿದರೆ ಅದು ಈ ವ್ಯಾಖ್ಯೆಯೊಳಗೆ ಬರುವುದಿಲ್ಲ. 2008ರಲ್ಲಿ ಜಿಂಬಾಬ್ವೆಯ ಮರಾಂಗೆಯಲ್ಲಿ ಆದದ್ದು ಇದೇ. ಈ ವ್ಯವಸ್ಥೆಗಾಗಿ ಮೊದಲಿಂದಲೂ ಹೋರಾಡಿದ್ದ 'ಗ್ಲೋಬಲ್ ವಿಟ್ನೆಸ್' ಸಂಸ್ಥೆ 2011ರಲ್ಲಿ ಬೇಸತ್ತು ಹೊರನಡೆಯಿತು.

ನಮ್ಮ ದೇಶದ ನೆಲದಲ್ಲಿ

● ಮಧ್ಯಪ್ರದೇಶದ ಪನ್ನಾದಲ್ಲಿ ವರ್ಷಕ್ಕೆ 200 ರೂಪಾಯಿ ಕಟ್ಟಿದರೆ ಸಾಮಾನ್ಯ ಕೂಲಿಕಾರನೂ ವಜ್ರದ ಗಣಿಗೆ ಗುತ್ತಿಗೆದಾರನಾಗಬಹುದು. ಸಿಗುವ ಜಾಗ 8 ಮೀಟರ್ ಉದ್ದ, 8 ಮೀಟರ್ ಅಗಲ. ನಮ್ಮೂರಿನ 20-30 ಸೈಟಿಗಿಂತ ಚೂರು ದೊಡ್ಡದು, ಅಷ್ಟೇ. ಮಣ್ಣು ತೆಗೆದು, ಕೆಳಗಿನ ಗರಸನ್ನು ಮೇಲೆತ್ತಿ, ನೀರಲ್ಲಿ ತೊಳೆದು, ಬಿಸಿಲಿಗೆ ಹರಡಿ ಒಣಗಿಸುತ್ತಾರೆ. ಆಮೇಲೆ ಕುಕ್ಕರುಗಾಲಲ್ಲಿ ಕೂತು ಅಂಗೈಯಿಂದ ಸವರುತ್ತ ಹೊಳೆಯುವ ಚೂರಿಗಾಗಿ ಹುಡುಕುವುದು. ತಿಂಗಳುಗಟ್ಟಲೆ ಅಗೆದು ಬರಿಗೈಲಿ ಹೋದವರೇ ಹೆಚ್ಚು.

● ಅಲ್ಲಿ ವಜ್ರ ಸಿಕ್ಕರೆ ಸರ್ಕಾರದ ವಜ್ರ ಕಚೇರಿಗೆ ಒಪ್ಪಿಸಬೇಕು. ಕಚೇರಿ ತೂಕ ಮಾಡಿ, ರಸೀದಿ ಕೊಟ್ಟು, ಹರಾಜಿಗೆ ಇಡುತ್ತದೆ. ರಾಜಧನ, ತೆರಿಗೆ ಎಂದು ಸುಮಾರು ಶೇ 12ರಷ್ಟು ಮುರಿದುಕೊಂಡು ಉಳಿದದ್ದು ಗುತ್ತಿಗೆದಾರನಿಗೆ. 2024ರ ಜುಲೈನಲ್ಲಿ ಒಬ್ಬ ಕೂಲಿ ಕಾರ್ಮಿಕನಿಗೆ 19.22 ಕ್ಯಾರಟ್‌ನ ವಜ್ರ ಸಿಕ್ಕಿತು. ಅಂದಾಜು ಬೆಲೆ 80 ಲಕ್ಷ ರೂಪಾಯಿ. ಗುತ್ತಿಗೆ ಕಾಗದ ಇದ್ದದ್ದರಿಂದ ವಜ್ರದ ಮೇಲಿನ ಹಕ್ಕೂ ಆ ಕುಟುಂಬದ್ದೇ ಆಯಿತು.

● ಆದಿವಾಸಿಗಳ ಅನುಸೂಚಿತ ಪ್ರದೇಶದಲ್ಲಿ ಸರ್ಕಾರಿ ಭೂಮಿಯನ್ನು ಆದಿವಾಸಿಗಳಲ್ಲದವರಿಗೆ ಗಣಿ ಗುತ್ತಿಗೆ ಕೊಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1997ರಲ್ಲೇ ಹೇಳಿದೆ. ಆಂಧ್ರದ ಆಗಿನ ವಿಶಾಖಪಟ್ಟಣ ಜಿಲ್ಲೆಯ ಬೊರ್ರಾ ಸುತ್ತಲಿನ ಗುತ್ತಿಗೆಗಳ ವಿರುದ್ಧ 'ಸಮತಾ' ಎಂಬ ಸಂಸ್ಥೆ ಹೂಡಿದ್ದ ದಾವೆ ಅದು. ಗಣಿ ನಡೆಸುವುದಾದರೆ ಸರ್ಕಾರಿ ನಿಗಮವೋ ಆದಿವಾಸಿಗಳೋ ಅವರ ಸಹಕಾರ ಸಂಘವೋ ನಡೆಸಬೇಕು ಎಂಬುದು ತೀರ್ಪಿನ ತಿರುಳು.

● ಅನುಸೂಚಿತ ಪ್ರದೇಶದಲ್ಲಿ ಉಪಖನಿಜಗಳ ಗಣಿ ಗುತ್ತಿಗೆ ಕೊಡುವ ಮುನ್ನ ಗ್ರಾಮಸಭೆಯ ಅಥವಾ ಪಂಚಾಯಿತಿಯ ಶಿಫಾರಸು ಕಡ್ಡಾಯ. 1996ರ ಪೆಸಾ ಕಾಯ್ದೆ ಹೇಳುವ ಮಾತಿದು. ಅಗೇಟ್, ಜಾಸ್ಪರ್, ಕುರುಂದ ಮುಂತಾದ 31 ಖನಿಜಗಳನ್ನು ಕೇಂದ್ರ ಸರ್ಕಾರ 2015ರಲ್ಲಿ ಉಪಖನಿಜಗಳ ಪಟ್ಟಿಗೆ ಸೇರಿಸಿತು. ಹಾಗಾಗಿ ಅಗೇಟ್ ಸಿಗುವ ಆದಿವಾಸಿ ಹಳ್ಳಿಗಳ ಸಭೆಯ ಮಾತಿಗೆ ಕಾನೂನಿನ ತೂಕ ಬಂದಿದೆ. ಸಭೆ ಕರೆದು ಕೇಳುತ್ತಾರೆಯೇ ಎಂಬುದು ಬೇರೆ ಪ್ರಶ್ನೆ.

● ಗುಜರಾತಿನ ಭರೂಚ್ ಜಿಲ್ಲೆಯ ಝಗಡಿಯಾ ತಾಲ್ಲೂಕು ಅಂಥ ಅನುಸೂಚಿತ ಪ್ರದೇಶ. ಅಲ್ಲಿನ ರತನಪುರದ ಸುತ್ತ ಭಿಲ್ಲ ಸಮುದಾಯದವರು ಅಗೇಟ್ ಉಂಡೆಗಳನ್ನು ಅಗೆಯುತ್ತ ಬಂದಿದ್ದಾರೆ. ಆ ಮಸುಕು ಉಂಡೆಗಳನ್ನು ಬಿಸಿಲಿಗೆ ಹಾಕಿ, ಮಡಕೆಯಲ್ಲಿ ತುಂಬಿ ಬೆರಣಿಯ ಬೆಂಕಿಯಲ್ಲಿ ಬೇಯಿಸುವುದು ಹಳೆಯ ಪದ್ಧತಿ. ಒಳಗಿನ ಕಬ್ಬಿಣದ ಅಂಶ ಶಾಖಕ್ಕೆ ಕೆಂಪೇರಿ ಕಾರ್ನೀಲಿಯನ್ ಆಗುತ್ತದೆ. ಗುಜರಾತಿನ ಹರಪ್ಪ ಕಾಲದ ಮಣಿಗಾರರಿಗೂ ಈ ಬೆಂಕಿಯ ಕಸುಬು ಗೊತ್ತಿತ್ತು.

● ರತನಪುರದ ಗುಡ್ಡದ ಮೇಲಿನ ಬಾವಾ ಗೋರ್ ದರ್ಗಾ ಆಫ್ರಿಕಾ ಮೂಲದ ಸಂತನೊಬ್ಬನದು. ಅಗೇಟ್ ಮಣಿಯ ಕಸುಬು ಬೆಳೆಸಿದವನು ಅವನೇ ಎಂಬ ನಂಬಿಕೆ ಇದೆ. ದರ್ಗಾದ ಸೇವೆ ಸಿದ್ದಿಗಳದ್ದು. ಯಲ್ಲಾಪುರ, ಹಳಿಯಾಳ, ಅಂಕೋಲಾದ ಕಾಡಂಚಿನಲ್ಲಿರುವ ನಮ್ಮ ಸಿದ್ದಿಗಳ ಹಾಗೆಯೇ ಇವರ ಬೇರೂ ಆಫ್ರಿಕಾದಲ್ಲಿದೆ.

● ರತನಪುರದ ಕಲ್ಲಿಗೆ ಖಂಭಾತ್‌ನಲ್ಲಿ ಸಾಣೆ ಹಿಡಿಯುವವರ ದೊಡ್ಡ ಶತ್ರು ದೂಳು. ಸಾಣೆಚಕ್ರದಿಂದ ಏಳುವ ಸಿಲಿಕಾ ದೂಳು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ತರುತ್ತದೆ. ಬಂದ ಮೇಲೆ ವಾಸಿಮಾಡುವ ಔಷಧವಿಲ್ಲ. ಕೆಲಸ ನಡೆಯುವುದು ಮನೆಯ ಜಗಲಿಯಲ್ಲೇ ಆದ್ದರಿಂದ ಮಕ್ಕಳಿಗೂ ಅಕ್ಕಪಕ್ಕದವರಿಗೂ ದೂಳಿನ ಪಾಲು ಉಂಟು. ಮನೆಯಲ್ಲೇ ನಡೆಯುವ ಕೆಲಸಕ್ಕೆ ಕಾರ್ಖಾನೆ ಕಾನೂನು ಅನ್ವಯಿಸದ ಕಾರಣ ಪರಿಹಾರ ಪಡೆಯುವುದೂ ಪಡಿಪಾಟಲು.

● ಕರ್ನಾಟಕದಲ್ಲಿ ಸಂವಿಧಾನದ ಐದನೇ ಅನುಸೂಚಿಯಡಿ ಘೋಷಿತವಾದ ಒಂದೇ ಒಂದು ಪ್ರದೇಶವೂ ಇಲ್ಲ. 10 ರಾಜ್ಯಗಳಲ್ಲಿ ಅವು ಇವೆ. ಸಮತಾ ತೀರ್ಪಾಗಲಿ ಪೆಸಾ ಕಾಯ್ದೆಯಾಗಲಿ ನಮ್ಮ ಜೇನುಕುರುಬರಿಗೋ ಸೋಲಿಗರಿಗೋ ನೇರವಾಗಿ ಕೈಗೆಟಕುವುದಿಲ್ಲ.

● 2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನ ಜನರಿಗೆ ಬಿದಿರು, ಜೇನು, ಮೇಣದಂಥ ಕಿರು ಉತ್ಪನ್ನಗಳ ಒಡೆತನ ಕೊಡುತ್ತದೆ. ಆ ಪಟ್ಟಿಯಲ್ಲಿ ಕಲ್ಲಿಲ್ಲ. ಕೊಡಗಿನ ನಿಶಾನಿಮೊಟ್ಟೆ ಬೆಟ್ಟ, ಸುಬ್ರಹ್ಮಣ್ಯದ ಆಚೀಚೆಯ ಕಾಡುಗಳಲ್ಲಿ 'ಹರಳು ಕಲ್ಲು ದಂಧೆ' ಎಂದು ಪತ್ರಿಕೆಗಳಲ್ಲಿ ಆಗಾಗ ಓದುತ್ತೇವಲ್ಲ, ಅಲ್ಲಿ ಯಾರು ಅಗೆದರೂ ಅದು ಅರಣ್ಯ ಅಪರಾಧ. ಇಂಥ ದಂಧೆಯಲ್ಲಿ ಕೇಸು ಮೊದಲು ಬೀಳುವುದು ಗುಂಡಿಯೊಳಗೆ ಸಿಕ್ಕಿಬಿದ್ದವನ ಮೇಲೆ. ಕಲ್ಲು ಕೊಂಡವನು ಅಷ್ಟು ಸುಲಭಕ್ಕೆ ಸಿಗುವುದಿಲ್ಲ.

ಟಾಂಜಾನಿಯಾದ ನೀಲಿ ಕಲ್ಲು

● ಟಾಂಜನೈಟ್ ಎಂಬ ನೀಲಿನೇರಳೆ ಹರಳು ವಾಣಿಜ್ಯ ಪ್ರಮಾಣದಲ್ಲಿ ಸಿಗುವುದು ಜಗತ್ತಿನಲ್ಲಿ ಒಂದೇ ಕಡೆ, ಟಾಂಜಾನಿಯಾದ ಮೆರೆರಾನಿ ಬೆಟ್ಟಸಾಲಿನಲ್ಲಿ. ಮಸಾಯ್ ದನಗಾಹಿಗಳ ಸೀಮೆ ಅದು. 1967ರಲ್ಲಿ ಅಲ್ಲಿ ಗಣಿ ಹಕ್ಕು ನೋಂದಾಯಿಸಿದವರು ಗೋವಾ ಮೂಲದ ದರ್ಜಿ ಮ್ಯಾನುಯೆಲ್ ಡಿಸೋಜ. ಮೊದಲು ಕಂಡವರು ಎಂದು ಜುಮಾನೆ ಎನ್ಗೋಮಾ ಅವರನ್ನು ಅಲ್ಲಿನ ಸರ್ಕಾರ ಮನ್ನಿಸಿದ್ದು 2018ರಲ್ಲಿ, ಅಂದರೆ ಅರ್ಧ ಶತಮಾನದ ನಂತರ. ಕೊಟ್ಟ ಬಹುಮಾನ 10 ಕೋಟಿ ಶಿಲ್ಲಿಂಗ್.

● ಅದೇ 2018ರಲ್ಲಿ ಕಳ್ಳಸಾಗಣೆ ತಡೆಯಲು ಇಡೀ ಗಣಿ ಪ್ರದೇಶದ ಸುತ್ತ ಸುಮಾರು 24 ಕಿಲೋಮೀಟರ್ ಗೋಡೆ ಎದ್ದಿತು. ಕಟ್ಟಿದ್ದು ಸೈನ್ಯ.

● 2020ರ ಜೂನ್‌ನಲ್ಲಿ ಸನಿನಿಯು ಲೈಜರ್ ಎಂಬ ಮಸಾಯ್ ಗಣಿಗಾರರಿಗೆ 9.27 ಕಿಲೋ ಮತ್ತು 5.1 ಕಿಲೋ ತೂಕದ ಎರಡು ಟಾಂಜನೈಟ್ ಗಟ್ಟಿಗಳು ಸಿಕ್ಕವು. ಸರ್ಕಾರ 774 ಕೋಟಿ ಶಿಲ್ಲಿಂಗ್ ಕೊಟ್ಟು ಕೊಂಡಿತು. ಆಗಿನ ಲೆಕ್ಕದಲ್ಲಿ ಸುಮಾರು 34 ಲಕ್ಷ ಡಾಲರ್. ಆಗಸ್ಟ್‌ನಲ್ಲಿ 6.3 ಕಿಲೋದ ಮೂರನೆಯದೂ ಸಿಕ್ಕಿತು. ಊರಿಗೆ ಶಾಲೆ ಕಟ್ಟಿಸುತ್ತೇನೆ ಎಂದರು ಲೈಜರ್. ಜಗತ್ತು ಇದನ್ನು ಅದೃಷ್ಟ ಎಂದಿತು. ಆದರೆ ಲೈಜರ್ ಪರವಾನಗಿ ಇದ್ದ ಸಣ್ಣ ಗಣಿಗಾರ, ಸರ್ಕಾರ ಹಿಂದಿನ ವರ್ಷವಷ್ಟೇ ಖನಿಜ ಮಾರುಕಟ್ಟೆಗಳನ್ನು ತೆರೆದಿತ್ತು. ಇವೆರಡೂ ಇಲ್ಲದಿದ್ದರೆ ಆ ಗಟ್ಟಿಗಳು ರಾತ್ರೋರಾತ್ರಿ ದಲ್ಲಾಳಿಯ ಚೀಲ ಸೇರುತ್ತಿದ್ದವೇನೋ.

● ಟಾಂಜಾನಿಯಾದ ಗಣಿ ಮಹಿಳೆಯರಿಗೆ 1997ರಿಂದ ತಮ್ಮದೇ ಸಂಘವಿದೆ, ಹೆಸರು 'ತವೋಮಾ'. 2019ರಲ್ಲಿ ಶುರುವಾದ 'ಮೋಯೋ ಜೆಮ್ಸ್' ಎಂಬ ಯೋಜನೆಯಲ್ಲಿ ಮಹಿಳೆಯರು ಖರೀದಿದಾರರಿಗೆ ಎದುರಾಬದುರು ಕೂತು ಹರಳು ಮಾರುತ್ತಾರೆ. ರಫ್ತು ಬೆಲೆಯ ಶೇ 95 ಅಗೆದವರಿಗೇ ಹೋಗಬೇಕು ಎಂಬುದು ಅದರ ನಿಯಮ.

● ಅಮೆರಿಕದ ರತ್ನಶಾಸ್ತ್ರ ಸಂಸ್ಥೆ ಜಿಐಎ, ಟಾಂಜಾನಿಯಾದ ಕಿರು ಗಣಿಗಾರರಿಗೆಂದೇ ಸ್ವಾಹಿಲಿ ಭಾಷೆಯಲ್ಲಿ ಚಿತ್ರಪುಸ್ತಕ ತಂದಿದೆ. ಜತೆಗೊಂದು ಬಿಳಿ ತಟ್ಟೆ. ಕಲ್ಲನ್ನು ತೊಳೆದು ತಟ್ಟೆಯಲ್ಲಿಟ್ಟು ಬಿಸಿಲಿಗೆ ಹಿಡಿದರೆ ಒಳಗಿನ ಬಿರುಕು, ಬಣ್ಣದ ಪಟ್ಟೆ ಬರಿಗಣ್ಣಿಗೇ ಕಾಣುತ್ತದೆ. ಒಳ್ಳೆಯದು ಯಾವುದು, ಜೊಳ್ಳು ಯಾವುದು ಎಂದು ವಿಂಗಡಿಸಲು ಬಂದರೆ ದಲ್ಲಾಳಿ ಹೇಳಿದ್ದೇ ಬೆಲೆ ಆಗುವುದಿಲ್ಲ. ಅರಿವು ಬಂದಲ್ಲಿ ಚೌಕಾಸಿಯ ಬಲವೂ ಬರುತ್ತದೆ.

● ಟಾಂಜನೈಟ್‌ಗೆ ರೂಪ ಕೊಡುವ ಬಹುಪಾಲು ಕೆಲಸ ನಡೆಯುವುದು ನಮ್ಮ ಜೈಪುರದಲ್ಲಿ. ಅಗೆದವರ ಪಾಲೆಷ್ಟು ಎಂಬ ಪ್ರಶ್ನೆ ಕೇಳುವ ಹಕ್ಕು, ಹೊಣೆ ಎರಡೂ ಭಾರತಕ್ಕಿದೆ ಎಂದ ಹಾಗಾಯಿತು.

ಮೂಲನಿವಾಸಿಗಳು ಗೆದ್ದದ್ದು, ಸೋತದ್ದು

● ಗ್ರೀನ್‌ಲ್ಯಾಂಡ್‌ನ ಆಪ್ಪಲುತ್ತೋಕ್‌ನಲ್ಲಿರುವ ಮಾಣಿಕ್ಯಕ್ಕೆ ಸುಮಾರು 300 ಕೋಟಿ ವರ್ಷ ವಯಸ್ಸು. ಅಲ್ಲಿನ ಕಾಯಂ ನಿವಾಸಿಗಳು ಖನಿಜ ಆಯ್ದುಕೊಳ್ಳುವ ರೂಢಿಯನ್ನು ಹಳೆಯ ಖನಿಜ ಕಾಯ್ದೆಯ 32ನೇ ಕಲಮು ಮಾನ್ಯ ಮಾಡಿತ್ತು. ಆದರೂ ಕೆನಡಾದ ಕಂಪನಿಯೊಂದು ಪರವಾನಗಿ ಪಡೆದು ಶೋಧ ನಡೆಸುತ್ತಿದ್ದ ಆ ಜಾಗಕ್ಕೆ 2007ರಲ್ಲಿ ಹೋದ ಸ್ಥಳೀಯರನ್ನು ಪೊಲೀಸರು ಹೊರಗಟ್ಟಿದರು. ಆ ದಿನಾಂಕವನ್ನೇ ಹೆಸರಾಗಿಟ್ಟುಕೊಂಡು 'ಆಗಸ್ಟ್ 16 ಒಕ್ಕೂಟ' ಹುಟ್ಟಿತು. 2010ರಲ್ಲಿ ಜಾರಿಗೆ ಬಂದ ಗ್ರೀನ್‌ಲ್ಯಾಂಡ್‌ನದೇ ಖನಿಜ ಕಾಯ್ದೆಯಲ್ಲಿ ಸಣ್ಣ ಗಣಿಗಾರರ ಪರವಾನಗಿಗೆ ಪ್ರತ್ಯೇಕ ಜಾಗ ಸಿಕ್ಕಿತು. ಆಪ್ಪಲುತ್ತೋಕ್‌ ಮಾತ್ರ ಕಂಪನಿಯ ಕೈಯಲ್ಲೇ ಉಳಿದು, 2017ರಲ್ಲಿ ನಾರ್ವೆ ಒಡೆತನದಲ್ಲಿ ಗಣಿ ಶುರುವಾಯಿತು.

● ನ್ಯೂಜಿಲೆಂಡ್‌ನ ದಕ್ಷಿಣ ದ್ವೀಪದಲ್ಲಿ ಸಿಗುವ 'ಪೌನಾಮು' ಎಂಬ ಹಸಿರು ಕಲ್ಲಿನ ಒಡೆಯರು ಸರ್ಕಾರವೂ ಅಲ್ಲ, ಕಂಪನಿಯೂ ಅಲ್ಲ. 1997ರ ಕಾಯ್ದೆಯೊಂದು ಅದನ್ನು ಮಾವೋರಿಗಳ ನ್ಗಾಯ್ ತಾಹು ಬುಡಕಟ್ಟಿಗೆ ಮರಳಿಸಿತು. ಪಶ್ಚಿಮ ಕರಾವಳಿಯ ಸಮುದ್ರ ದಂಡೆಯಲ್ಲಿ ಸಾರ್ವಜನಿಕರೂ ಆಯ್ದುಕೊಳ್ಳಬಹುದು, ಒಬ್ಬರೇ ಹೊರುವಷ್ಟು ಮಾತ್ರ. ಬುಡಕಟ್ಟಿನ ಅಧಿಕೃತ ಮುದ್ರೆಯೊಂದಿಗೆ ಬರುವ ಸಂಕೇತ ಸಂಖ್ಯೆಯಿಂದ ಕಲ್ಲಿನ ಮೂಲ ಪತ್ತೆಮಾಡಬಹುದು.

● ಗುಲಾಬಿ ವಜ್ರಕ್ಕೆ ಹೆಸರಾದ ಆಸ್ಟ್ರೇಲಿಯಾದ ಆರ್ಗೈಲ್ ಗಣಿ ಎದ್ದದ್ದು ಮೂಲನಿವಾಸಿ ಹೆಂಗಸರು ಪವಿತ್ರವೆಂದು ಕಾಪಾಡಿಕೊಂಡು ಬಂದ ಬಾರಮುಂಡಿ ಕಣಿವೆಯಲ್ಲಿ. ನೆಲದ ಸಾಂಪ್ರದಾಯಿಕ ಒಡೆಯರೊಂದಿಗೆ ವಿಸ್ತೃತ ಒಪ್ಪಂದ ನೋಂದಣಿಯಾದದ್ದು 2005ರಲ್ಲಿ. ಗಣಿ 2020ರಲ್ಲಿ ಮುಚ್ಚಿತು. ಒಡೆದ ಬೆಟ್ಟ ಮತ್ತೆ ಕೂಡದು.

● ಬ್ರೆಜಿಲ್‌ನ ಸಿಂಟಾ ಲಾರ್ಗಾ ಜನರ ಕಾಡಿನಡಿ ವಜ್ರವಿದೆ. ಅಲ್ಲಿನ ಸಂವಿಧಾನದಂತೆ ಸಂಸತ್ತಿನ ಒಪ್ಪಿಗೆಯಿಲ್ಲದೆ ಮೂಲನಿವಾಸಿಗಳ ನೆಲದಲ್ಲಿ ಗಣಿಗಾರಿಕೆ ಸಲ್ಲದು. ಹೊರಗಿನವರು ಮಾತ್ರ ಕದ್ದು ನುಗ್ಗುತ್ತಲೇ ಬಂದರು. 2004ರ ಏಪ್ರಿಲ್‌ನಲ್ಲಿ ನಡೆದ ಘರ್ಷಣೆಯಲ್ಲಿ ಅಂಥ 29 ಮಂದಿ ಸತ್ತರು.

● ಮ್ಯಾನ್ಮಾರ್‌ನ ಕಚಿನ್ ರಾಜ್ಯದ ಪಾಕಾಂತ್‌ನಲ್ಲಿ ದೊಡ್ಡ ಯಂತ್ರಗಳು ಸುರಿದ ಮಣ್ಣಿನ ಗುಡ್ಡೆಗಳಲ್ಲಿ ಜೇಡ್ ಕಲ್ಲಿಗಾಗಿ ತಡಕಾಡುವವರು ಸಾವಿರಾರು. 2020ರ ಜುಲೈ 2ರಂದು ಮಳೆಗೆ ಗುಡ್ಡೆ ಕುಸಿದು 170ಕ್ಕೂ ಹೆಚ್ಚು ಜನ ಹೂತುಹೋದರು. ಅವರು ಯಾವ ಕಂಪನಿಯ ನೌಕರರೂ ಆಗಿರಲಿಲ್ಲ.

● ಶ್ರೀಲಂಕಾದ ರತ್ನಪುರದಲ್ಲಿ ಬೇರೆಯೇ ಪದ್ಧತಿ. 'ಇಲ್ಲಮ' ಎಂಬ ಗರಸನ್ನು ಬಾವಿಯಂಥ ಗುಂಡಿಯಿಂದೆತ್ತಿ ಬಿದಿರು ಬುಟ್ಟಿಯಲ್ಲಿ ಸುತ್ತಿಸುತ್ತ ತೊಳೆಯುತ್ತಾರೆ. ಹರಳು ಮಾರಿದ ಹಣದಲ್ಲಿ ಭೂಮಾಲೀಕ, ಪರವಾನಗಿದಾರ, ಪಂಪಿನ ಒಡೆಯ, ಅಗೆದವರು ಎಲ್ಲರಿಗೂ ಪಾಲು. ಗುಂಡಿ ಮುಚ್ಚಲೇಬೇಕು, ಅದಕ್ಕೆ ಮುಂಗಡ ಠೇವಣಿಯೂ ಉಂಟು.

● ವಿಶ್ವಸಂಸ್ಥೆ 2007ರ ಸೆಪ್ಟೆಂಬರ್ 13ರಂದು ಮೂಲನಿವಾಸಿಗಳ ಹಕ್ಕುಗಳ ಘೋಷಣೆಯನ್ನು 144 ಮತಗಳಿಂದ ಅಂಗೀಕರಿಸಿತು. ಭಾರತವೂ ಪರವಾಗಿ ಮತ ಹಾಕಿತ್ತು. ಗಣಿ ಶುರುವಾಗುವ ಮೊದಲೇ, ಬೆದರಿಕೆ ಇಲ್ಲದೆ, ಎಲ್ಲ ವಿವರ ತಿಳಿಸಿ ಜನರ ಒಪ್ಪಿಗೆ ಪಡೆಯಬೇಕು ಎನ್ನುತ್ತದೆ ಅದರ 32ನೇ ವಿಧಿ. ಕೇಳಿದರೆ ಜನ ಬೇಡ ಎನ್ನಲೂಬಹುದು. 2013ರಲ್ಲಿ ಒಡಿಶಾದ ನಿಯಮಗಿರಿಯ 12 ಗ್ರಾಮಸಭೆಗಳೂ ಬಾಕ್ಸೈಟ್ ಗಣಿ ಬೇಡ ಎಂದವು.

ಅಂಗಡಿಯಲ್ಲಿ ನಿಂತಾಗ

● ಚಿನ್ನದ ಒಡವೆಯ ಮೇಲೆ ಕಾಣುವ 6 ಅಕ್ಷರ-ಅಂಕಿಗಳ ಹಾಲ್‌ಮಾರ್ಕ್ ಸಂಖ್ಯೆ ಎಚ್‌ಯುಐಡಿ, ಅದನ್ನು ಹಾಕಿಸಿದ ವ್ಯಾಪಾರಿಯನ್ನೂ ಪರೀಕ್ಷಿಸಿದ ಕೇಂದ್ರವನ್ನೂ ತಿಳಿಸುತ್ತದೆ. ಅದು ಲೋಹದ ಶುದ್ಧತೆಗೆ ಗುರುತು. ನಡುವೆ ಕೂತ ಹರಳಿನ ಬಗ್ಗೆ ಅದರಲ್ಲಿ ಏನೂ ಇಲ್ಲ.

● 'ಫೇರ್‌ಟ್ರೇಡ್' ಮುದ್ರೆಯ ಚಿನ್ನ 2011ರಲ್ಲೇ ಬ್ರಿಟನ್ ಮಾರುಕಟ್ಟೆಗೆ ಬಂತು. ಆ ಗಣಿ ಮಾನದಂಡ ಇರುವುದು ಚಿನ್ನ, ಬೆಳ್ಳಿಯಂಥ ಲೋಹಗಳಿಗೆ, ಹರಳಿಗಲ್ಲ.

● ಪ್ರಯೋಗಾಲಯದ ವರದಿ ಹರಳಿನ ತೂಕ, ಬಣ್ಣ, ಕಾಯಿಸಿದ್ದಾರೆಯೇ ಇಲ್ಲವೇ ಎಂಬುದನ್ನು ಹೇಳುತ್ತದೆ. ಒಳಗಿನ ಕಲೆ, ಲೇಶ ಧಾತುಗಳನ್ನು ನೋಡಿ ಯಾವ ದೇಶದ್ದೆಂದೂ ಕೆಲವೊಮ್ಮೆ ಅಭಿಪ್ರಾಯ ಕೊಡುತ್ತದೆ. ಯಾರು ಅಗೆದರು, ಎಷ್ಟು ಪಡೆದರು ಎಂಬುದು ಸೂಕ್ಷ್ಮದರ್ಶಕಕ್ಕೆ ಕಾಣುವಂಥದ್ದಲ್ಲ, ವ್ಯಾಪಾರದ ದಾಖಲೆಯಿಂದಷ್ಟೇ ಗೊತ್ತಾಗಬೇಕು. ಆದ್ದರಿಂದ ಬಿಲ್ಲು ಬರೆಸುವ ಮುನ್ನ ಮೂರು ಪ್ರಶ್ನೆ ಕೇಳಿ: ಯಾವ ದೇಶದ, ಯಾವ ಗಣಿಯ ಕಲ್ಲು? ನಡುವೆ ಎಷ್ಟು ಕೈ ದಾಟಿದೆ? ಇದನ್ನು ಬರೆದು ಕೊಡುತ್ತೀರಾ? ಮೂರನೆಯದಕ್ಕೆ ಅಂಗಡಿಯವರು ತಡವರಿಸಿದರೆ ಮೊದಲೆರಡರ ಉತ್ತರವನ್ನು ಅಷ್ಟಾಗಿ ನೆಚ್ಚಿಕೊಳ್ಳಬೇಡಿ.