ವೈನ್ ಹಳೆಯದಾದಷ್ಟೂ ಒಳ್ಳೆಯದೇ?

‘ವೈನ್ ಹಳೆಯದಾದಷ್ಟೂ ಒಳ್ಳೆಯದು’ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಇದು ಅರ್ಧಸತ್ಯ. ಹೆಚ್ಚಿನ ವೈನ್‌ಗಳು ಕೆಲವೇ ವರ್ಷಗಳಲ್ಲಿ ಕುಡಿಯಲೆಂದು ತಯಾರಾದವು. ಬಹುಕಾಲ ಇಟ್ಟರೆ ಸಪ್ಪೆಯಾಗುತ್ತವೆ.

ಇಟಲಿಯ ಪೀಡ್‌ಮಾಂಟ್ ಪ್ರದೇಶದ ಬರೋಲೋ ಇದಕ್ಕೆ ಅಪವಾದ. ನೆಬ್ಬಿಯೋಲೋ ದ್ರಾಕ್ಷಿಯಿಂದ ಮಾಡುವ ಈ ಕೆಂಪು ವೈನನ್ನು ಅಲ್ಲಿನ ನಿಯಮದಂತೆ ಕನಿಷ್ಠ 38 ತಿಂಗಳು ಮಾಗಿಸಬೇಕು. ಹೊಸ ಬರೋಲೋದಲ್ಲಿ ಹುಳಿಯ ಜೊತೆಗೆ ಟ್ಯಾನಿನ್ ಎಂಬ ಅಂಶ ಹೆಚ್ಚು. ಅಡಿಕೆ ಜಗಿದಂತೆ ಬಾಯಿ ಒಗರಾಗುತ್ತದೆ. ವರ್ಷಗಳು ಕಳೆದಂತೆ ಟ್ಯಾನಿನ್‌ನ ಒಂದು ಪಾಲು ಬಣ್ಣದೊಂದಿಗೆ ಸೇರಿ ಗಸಿಯಾಗಿ ತಳಕ್ಕಿಳಿಯುತ್ತದೆ. ಒಗರು ಮೃದುವಾಗಿ, ಒಣಗಿದ ಗುಲಾಬಿಯಂಥ ಪರಿಮಳ ಮೂಡಿ, ಬಣ್ಣ ಇಟ್ಟಿಗೆ ಕೆಂಪಿಗೆ ತಿರುಗುತ್ತದೆ. ಹಾಗಾಗಿ ಗಸಿ ಕಂಡ ಮಾತ್ರಕ್ಕೆ ಕಲಬೆರಕೆ ಎನ್ನಲಾಗದು.

‘ಹೃದಯಕ್ಕೆ ಒಳ್ಳೆಯದು’ ಎಂದು ಫಾರ್ವರ್ಡ್ ಮಾಡುವ ಮುನ್ನ ನೆನಪಿಡಿ: ಮಾಗುವುದು ಒಗರು ಮಾತ್ರ, ಆಲ್ಕೋಹಾಲ್ ಹಾಗೆಯೇ ಇರುತ್ತದೆ. ಅದಕ್ಕೆ ಸುರಕ್ಷಿತ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ.