ಅಣ್ಣನನ್ನು ನಾವು ಕೇಳದೇ ಇದ್ದ ಪ್ರಶ್ನೆ

ದೀಪಾವಳಿ ರಜೆಗೆ ಊರಿಗೆ ಹೋಗಿದ್ದೆ. ರಾತ್ರಿ ಪಾತ್ರೆ ತೊಳೆಯುತ್ತಿದ್ದ ಅಮ್ಮ ತಲೆ ಎತ್ತದೆಯೇ ಕೇಳಿದಳು: ‘ನಾವು ಹೋದ್ಮೇಲೆ ಇವನನ್ನ ಯಾರೋ ನೋಡ್ಕೋತಾರೆ?’

ಇವನು ಅಂದರೆ ನನ್ನ ಅಣ್ಣ. ವಯಸ್ಸು 26. ಅವನಿಗೆ ಬೌದ್ಧಿಕ ಅಂಗವೈಕಲ್ಯವಿದೆ. ಸ್ನಾನ, ಊಟ ಎಲ್ಲ ತಾನೇ ಮಾಡಿಕೊಳ್ಳುತ್ತಾನೆ. ಬೆಳಿಗ್ಗೆ ಡೇರಿಗೆ ಹೋಗಿ ಹಾಲು ತರುತ್ತಾನೆ. ಆದರೆ ನೂರರ ನೋಟು ಕೊಟ್ಟರೆ ಚಿಲ್ಲರೆ ಎಷ್ಟು ಬರಬೇಕೆಂದು ತಿಳಿಯುವುದಿಲ್ಲ, ಗ್ಯಾಸ್ ಒಲೆ ಆರಿಸಲು ಮರೆಯುತ್ತಾನೆ.

‘ನಾನಿದ್ದೀನಲ್ಲಮ್ಮ’ ಅಂದೆ. ‘ನಿನಗೂ ಒಂದು ಬದುಕು ಅಂತ ಇರುತ್ತೆ ಕಣೋ’ ಅಂದಳು. ನಾನು ಬಿ.ಇ ಐದನೇ ಸೆಮಿಸ್ಟರ್‌ನಲ್ಲಿದ್ದೆ. ಮುಂದಿನ ವರ್ಷ ಕ್ಯಾಂಪಸ್ ಸಂದರ್ಶನ, ಆಮೇಲೆ ಕಂಪನಿ ಪುಣೆಗೆ ಕಳಿಸುತ್ತದೋ ಹೈದರಾಬಾದಿಗೋ ಗೊತ್ತಿಲ್ಲ. ಅಮ್ಮನ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ.

2011ರ ಜನಗಣತಿಯ ಪ್ರಕಾರ ದೇಶದಲ್ಲಿ ಸುಮಾರು 15 ಲಕ್ಷ ಜನರಿಗೆ ಇಂಥ ಅಂಗವೈಕಲ್ಯವಿದೆ. ಅಂದರೆ ಅಷ್ಟೂ ಅಡುಗೆಮನೆಗಳಲ್ಲಿ ಇದೇ ಪ್ರಶ್ನೆ ಇರಬಹುದು.

<b>ಎರಡು ಮನೆಗಳು</b>

ಆ ರಜೆಯಲ್ಲೇ ಅಪ್ಪ, ಅಮ್ಮ, ಅಣ್ಣ, ನಾನು ಎರಡು ಜಾಗಗಳನ್ನು ನೋಡಿ ಬಂದೆವು.

ಮೊದಲನೆಯದು ದೊಡ್ಡ ಕಟ್ಟಡ. ಹೊಳೆಯುವ ಟೈಲ್ಸ್, ಎಲ್ಲೆಡೆ ಸಿಸಿಟಿವಿ, ಗೋಡೆ ಮೇಲೆ ಟೈಮ್ ಟೇಬಲ್. ಸಂಜೆ 7ಕ್ಕೆ ಊಟ, 8ಕ್ಕೆ ದೀಪ ಆರಬೇಕು. ಅಲ್ಲಿದ್ದವರಿಗೆಲ್ಲ ಒಂದೇ ಬಣ್ಣದ ಟೀ ಶರ್ಟ್, ಒಂದೇ ರೀತಿಯ ಕಟಿಂಗ್. ವ್ಯವಸ್ಥಾಪಕರು ಅಪ್ಪನನ್ನು ಕೇಳಿದರು: ‘ಹುಡುಗ ಗಲಾಟೆ ಮಾಡ್ತಾನಾ?’ ಹುಡುಗ ಪಕ್ಕದ ಕುರ್ಚಿಯಲ್ಲೇ ಕೂತಿದ್ದ. ಅಲ್ಲಿನ ಆಯಾ ಕೆಟ್ಟವರೇನಲ್ಲ. ಆದರೆ 18 ಜನರಿಗೆ ಅವರೊಬ್ಬರೇ. ‘ನಿನಗೇನು ಬೇಕಪ್ಪ’ ಎಂದು ಒಬ್ಬೊಬ್ಬರನ್ನೂ ಕೇಳುತ್ತಾ ಕೂತರೆ ಕೆಲಸ ಸಾಗುವುದಿಲ್ಲ. ಅಪ್ಪನಿಗೆ ಜಾಗ ಹಿಡಿಸಿತು. ‘ನೀಟಾಗಿದೆ’ ಅಂದರು.

ಎರಡನೆಯದು ಒಂದು ಬಾಡಿಗೆ ಮನೆ. ಹಳೆಯ ನೆಲ, ಮಳೆಗೆ ನೆನೆದ ಗೋಡೆ. ನಾಲ್ವರು ವಾಸ, ಪಾಳಿಯಲ್ಲಿ ಬರುವ ಇಬ್ಬರು ಸಹಾಯಕರು. ಒಬ್ಬರು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಇನ್ನೊಬ್ಬರು ಕೊರಳಲ್ಲಿದ್ದ ಕೀಲಿಯಿಂದ ತಮ್ಮ ಬೀರು ತೆಗೆದು ನಮಗೆಲ್ಲ ತೋರಿಸಿದರು. ಸಹಾಯಕ ಅಣ್ಣನ ಮುಂದೆ ಬಂದು ಕೇಳಿದರು: ‘ಕಾಫಿ ಕುಡಿತೀರಾ, ಟೀ ಕುಡಿತೀರಾ?’

ಅಣ್ಣ ಅಮ್ಮನ ಮುಖ ನೋಡಿದ. ‘ಅವನಿಗೆ ಹಾಲು...’ ಎಂದು ಅಮ್ಮ ಶುರು ಮಾಡಿದಳು. ಸಹಾಯಕ ಏನೂ ಹೇಳದೆ ಅಣ್ಣನನ್ನೇ ನೋಡುತ್ತಾ ಕಾದರು. ಅರ್ಧ ನಿಮಿಷ ಕಳೆದಿರಬಹುದು.

‘ಕಾಫಿ’ ಅಂದ ಅಣ್ಣ.

ಇಷ್ಟು ವರ್ಷ ಅವನಿಗೆ ಹಾಲು ಕೊಟ್ಟವರು ನಾವು. ಪ್ರೀತಿಯಿಂದಲೇ ಕೊಟ್ಟಿದ್ದೆವು. ಆದರೆ ಒಂದು ದಿನವೂ ಕೇಳಿರಲಿಲ್ಲ. ಒಳ್ಳೆಯ ಆರೈಕೆ ಅಂದರೆ ಏನು ಎನ್ನುವುದು ನನಗೆ ಆ ಅರ್ಧ ನಿಮಿಷದಲ್ಲಿ ಅರ್ಥವಾಯಿತು.

<b>ಕಾನೂನಿನಲ್ಲಿದೆ</b>

ಇದು ಬರೀ ಭಾವನೆಯ ಮಾತಲ್ಲ. ಎಲ್ಲಿ, ಯಾರ ಜೊತೆ ಬದುಕಬೇಕು ಎಂಬುದನ್ನು ಆರಿಸಿಕೊಳ್ಳುವ ಅವಕಾಶ ಅಂಗವಿಕಲರಿಗೂ ಇರಬೇಕು ಎನ್ನುತ್ತದೆ ವಿಶ್ವಸಂಸ್ಥೆಯ ಒಡಂಬಡಿಕೆಯ 19ನೇ ವಿಧಿ. ಭಾರತ ಅದನ್ನು 2007ರಲ್ಲಿ ಒಪ್ಪಿಕೊಂಡಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 5ನೇ ಸೆಕ್ಷನ್ ಕೂಡ ಸಮುದಾಯದ ನಡುವೆ ಬದುಕುವುದು ಅವರ ಹಕ್ಕು ಎಂದಿದೆ.

1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ‘ಘರೌಂದಾ’ ಎಂಬ ಗುಂಪು ಮನೆ ಯೋಜನೆ, 1 ಲಕ್ಷ ರೂಪಾಯಿವರೆಗಿನ ‘ನಿರಾಮಯ’ ಆರೋಗ್ಯ ವಿಮೆ ಇವೆ. 18 ವರ್ಷ ದಾಟಿದವರಿಗೆ ಕಾನೂನುಬದ್ಧ ಪೋಷಕರ ಅಗತ್ಯವಿದ್ದರೆ, ಜಿಲ್ಲಾಧಿಕಾರಿ ನೇತೃತ್ವದ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಬಹುದು. ನಮ್ಮ ಮನೆಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ವಿಚಾರಿಸುವುದನ್ನು ಅಲ್ಲಿಂದಲೇ ಶುರು ಮಾಡಬಹುದು.

ಇಂಗ್ಲೆಂಡಿನಲ್ಲಿ ‘ಸಪೋರ್ಟೆಡ್ ಲಿವಿಂಗ್’ ಎಂಬ ಪದ್ಧತಿ ಇದೆ. ಅಲ್ಲಿ ಬಾಡಿಗೆ ಕರಾರು ಆ ವ್ಯಕ್ತಿಯ ಹೆಸರಿನಲ್ಲೇ ಇರುತ್ತದೆ, ಆರೈಕೆ ಮಾಡುವ ಸಂಸ್ಥೆ ಬೇರೆ. ಸಂಸ್ಥೆ ಸರಿಯಿಲ್ಲದಿದ್ದರೆ ಅದನ್ನು ಬದಲಿಸಬಹುದು, ಮನೆ ಬಿಡಬೇಕಾಗಿಲ್ಲ. ಹಾಗೆಂದು ಅಲ್ಲಿ ಎಲ್ಲವೂ ಸರಿ ಇದೆ ಅಂತಲ್ಲ. ಬ್ರಿಸ್ಟಲ್ ಬಳಿಯ ವಿಂಟರ್‌ಬೋರ್ನ್ ವ್ಯೂ ಎಂಬ 24 ಹಾಸಿಗೆಗಳ ಖಾಸಗಿ ಆಸ್ಪತ್ರೆಯಲ್ಲಿ ಒಬ್ಬರಿಗೆ ವಾರಕ್ಕೆ ಸರಾಸರಿ 3,500 ಪೌಂಡ್ ಖರ್ಚಾಗುತ್ತಿತ್ತು. ಅಲ್ಲಿ ಬೌದ್ಧಿಕ ಅಂಗವಿಕಲರನ್ನು ಸಿಬ್ಬಂದಿಯೇ ಹೊಡೆದು ಹಿಂಸಿಸುತ್ತಿದ್ದುದನ್ನು 2011ರಲ್ಲಿ ಬಿಬಿಸಿ ಗುಪ್ತ ಕ್ಯಾಮೆರಾದಲ್ಲಿ ಸೆರೆಹಿಡಿಯಿತು. 11 ಮಂದಿಗೆ ಶಿಕ್ಷೆಯಾಯಿತು, ಆಸ್ಪತ್ರೆ ಮುಚ್ಚಿತು. ದುಬಾರಿ ಶುಲ್ಕ, ಚೆಂದದ ಕಟ್ಟಡ ಇದ್ದ ಮಾತ್ರಕ್ಕೆ ಆರೈಕೆ ಚೆನ್ನಾಗಿರುತ್ತದೆ ಎನ್ನಲಾಗದು.

<b>ಏನನ್ನು ನೋಡಬೇಕು?</b>

ನಿಮ್ಮ ಮನೆಯಲ್ಲೂ ನನ್ನ ಅಣ್ಣನಂಥವರು ಇದ್ದರೆ, ಇಂಥ ಜಾಗ ನೋಡಲು ಹೋದಾಗ ಇಷ್ಟನ್ನು ಗಮನಿಸಿ.

ಮೊದಲು ನೋಂದಣಿ ಪತ್ರ ಕೇಳಿ. 2016ರ ಕಾಯ್ದೆ ಪ್ರಕಾರ ಅದಿಲ್ಲದೆ ಇಂಥ ಸಂಸ್ಥೆ ನಡೆಸುವಂತಿಲ್ಲ. ಹಗಲಿಗೆಷ್ಟು, ರಾತ್ರಿಗೆಷ್ಟು ಸಿಬ್ಬಂದಿ, ಅವರು ಎಷ್ಟು ದಿನದಿಂದ ಇದ್ದಾರೆ ಎಂದು ವಿಚಾರಿಸಿ. ಹೇಳದೆ ಕೇಳದೆ ಒಂದು ದಿನ ಹೋದರೆ ಒಳಗೆ ಬಿಡುತ್ತಾರಾ ನೋಡಿ. ಅಲ್ಲಿರುವವರ ದುಡ್ಡಿನ ಲೆಕ್ಕ ಯಾರ ಬಳಿ ಇದೆ, ಮನೆಯವರಿಗೆ ಅವರು ಖಾಸಗಿಯಾಗಿ ಫೋನ್ ಮಾಡಬಹುದೇ, ಅವರದೇ ಎನ್ನುವ ಒಂದು ಬೀರುವಾದರೂ ಇದೆಯೇ, ಯಾರಾದರೂ ‘ಬೇಡ’ ಅಂದರೆ ಏನಾಗುತ್ತದೆ? ಮುಖ್ಯವಾಗಿ, ಸಿಬ್ಬಂದಿ ಮಾತಾಡುವುದು ನಿಮ್ಮ ಜೊತೆಯೋ, ಅಲ್ಲಿ ಬದುಕಬೇಕಾದವರ ಜೊತೆಯೋ?

<b>ಇದೂ ಒಂದು ಉದ್ಯೋಗ</b>

ಕಾಫಿ ಕೊಟ್ಟ ಆ ಸಹಾಯಕನಿಗೆ ನನಗಿಂತ ನಾಲ್ಕೈದು ವರ್ಷ ಹೆಚ್ಚಿರಬಹುದು. ಎರಡು ವರ್ಷದಲ್ಲಿ ಅಲ್ಲಿ ಮೂವರು ಕೆಲಸ ಬಿಟ್ಟಿದ್ದಾರಂತೆ. ‘ಸಂಬಳ ಕಡಿಮೆ, ಹೆಣ್ಣು ಕೊಡೋರು ಆಯಾ ಕೆಲಸ ಅಂತಾರೆ’ ಎಂದು ನಕ್ಕರು. ಪ್ರತಿ ಸಲ ಒಬ್ಬರು ಬಿಟ್ಟು ಹೋದಾಗಲೂ ಆ ನಾಲ್ವರು ಹೊಸ ಮುಖಕ್ಕೆ ಒಗ್ಗಿಕೊಳ್ಳಬೇಕು. ಅವರ ಇಷ್ಟಾನಿಷ್ಟ ತಿಳಿಯುವ ಕೆಲಸ ಮತ್ತೆ ಮೊದಲಿನಿಂದ ಆಗಬೇಕು.

ಭಾರತೀಯ ಪುನರ್ವಸತಿ ಮಂಡಳಿಯ ಮಾನ್ಯತೆ ಪಡೆದ ವಿಶೇಷ ಶಿಕ್ಷಣದ ಡಿಪ್ಲೊಮಾ, ಬಿ.ಇಡಿ ಕೋರ್ಸುಗಳಿವೆ. ಆರೈಕೆದಾರರ ತರಬೇತಿಗೆ ರಾಷ್ಟ್ರೀಯ ನ್ಯಾಸದ ‘ಸಹಯೋಗಿ’ ಯೋಜನೆ ಇದೆ. ಕೆಲಸ ಹುಡುಕುತ್ತಿರುವ ಗೆಳೆಯರು ಇತ್ತ ನೋಡಬೇಕು ಎಂದು ಹೇಳುವುದು ಸುಲಭ. ಆದರೆ ಬದುಕಲು ಸಾಕಾಗುವಷ್ಟು ಸಂಬಳ, ಬಡ್ತಿ, ಮರ್ಯಾದೆ ಕೊಡದೆ ಯಾರನ್ನೂ ಕರೆಯಲು ನಮಗೆ ಬಾಯಿಲ್ಲ. ಅಮ್ಮನ ಪ್ರಶ್ನೆಗೆ ಉತ್ತರ ಸಿಗುವುದು ಅಂಥವರು ಆ ಕೆಲಸದಲ್ಲಿ ಉಳಿದರೆ ಮಾತ್ರ.

ನಮ್ಮ ಮನೆಯಲ್ಲಿ ಇನ್ನೂ ಏನೂ ತೀರ್ಮಾನವಾಗಿಲ್ಲ. ಅಪ್ಪನ ಒಲವು ಈಗಲೂ ಮೊದಲ ಕಟ್ಟಡದ ಕಡೆಗೇ. ಎರಡನೆಯ ಮನೆಯಲ್ಲಿ ಸದ್ಯಕ್ಕೆ ಜಾಗ ಖಾಲಿ ಇಲ್ಲ. ಖಾಲಿಯಾದಾಗ ಅಣ್ಣ ಎರಡು ದಿನ ಇದ್ದು ನೋಡಲಿ, ಆಮೇಲೆ ಅವನನ್ನೇ ಕೇಳೋಣ ಎನ್ನುವುದಕ್ಕೆ ಮಾತ್ರ ಎಲ್ಲರೂ ಒಪ್ಪಿದ್ದೇವೆ.

ಮೊನ್ನೆ ಅಮ್ಮ ಫೋನ್ ಮಾಡಿದ್ದಳು. ಸಂಕ್ರಾಂತಿಗೆ ಬಟ್ಟೆ ತರಲು ಹೋದಾಗ ಅಣ್ಣನಿಗೇ ಆರಿಸಲು ಬಿಟ್ಟಳಂತೆ. ಮುಕ್ಕಾಲು ಗಂಟೆ ಅಂಗಡಿಯವನನ್ನು ಕಾಯಿಸಿ, ಕಣ್ಣಿಗೆ ಕುಕ್ಕುವ ಕಿತ್ತಳೆ ಬಣ್ಣದ ಅಂಗಿ ಹಿಡಿದು ಬಂದನಂತೆ. ‘ನೋಡಕ್ಕಾಗಲ್ಲ ಕಣೋ’ ಎಂದು ನಗುತ್ತಿದ್ದಳು. ‘ತೆಗೆಸಿಕೊಟ್ಯಾ?’ ಅಂದೆ.

‘ಕೊಡಿಸದೆ? ಅವನದಲ್ವಾ ಅಂಗಿ’ ಅಂದಳು.